ದವಾಖಾನೆ ಅನ್ನುವ ಒಂದು ಶಬ್ದ: 1923ರ ಠರಾವಿನಿಂದ ಇವತ್ತಿನ ಕಾರವಾರ–ಅಂಕೋಲಾದವರೆಗೆ



ಉದ್ದ ಪೋಸ್ಟು ಇದು. ಪುರುಸೊತ್ತು ಇದ್ದಾಗ ಓದಿ. ಓದದೇ ಲೈಕ್ ಒತ್ತೋದಕ್ಕಿಂತ ಓದಿ ಜಗಳ ಮಾಡಿದ್ರೆ ನನಗೆ ಹೆಚ್ಚು ಖುಷಿ.

ಮಹಾಡ್ ಸತ್ಯಾಗ್ರಹ ನಮಗೆಲ್ಲ ಬಾಯಿಪಾಠ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚವದಾರ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ಪ್ರತಿ ಮಾರ್ಚ್‌ನಲ್ಲಿ ನಾವು ಅದರ ಮೇಲೆ ಭಾಷಣ ಮಾಡ್ತೇವೆ, ಫೋಟೋ ಹಾಕ್ತೇವೆ. ಆದರೆ ಆ ಸತ್ಯಾಗ್ರಹಕ್ಕೆ ಬೆನ್ನಿಗಿದ್ದ ಸರಕಾರಿ ಕಾಗದ ಯಾವುದು ಅಂತ ಕೇಳಿದರೆ ಹೆಚ್ಚಿನವರು ಸುಮ್ಮನಾಗ್ತಾರೆ. ಅದು ಬೋಲೆ ಠರಾವು. 1923ರ ಆಗಸ್ಟ್ 4ರಂದು ಮುಂಬೈ ಲೆಜಿಸ್ಲೇಟಿವ್ ಕೌನ್ಸಿಲ್ ಪಾಸು ಮಾಡಿದ್ದು. ಮಂಡಿಸಿದವರು ಸೀತಾರಾಮ ಕೇಶವ ಬೋಲೆ. ಇವರು ದಲಿತರಲ್ಲ, ಭಂಡಾರಿ ಸಮಾಜದವರು. ನಮ್ಮ ಕಾರವಾರ ಕಡೆಯೂ ಇರುವ ಅದೇ ಭಂಡಾರಿ ಸಮಾಜ.

ಆ ಠರಾವಿನಲ್ಲಿ ಏನಿತ್ತು? ಸರಕಾರದ ದುಡ್ಡಿನಲ್ಲಿ ಕಟ್ಟಿದ, ಸರಕಾರದ ದುಡ್ಡಿನಲ್ಲಿ ನಡೆಯುವ ಬಾವಿ, ಕೆರೆ, ಧರ್ಮಶಾಲೆಗಳನ್ನು ಅಸ್ಪೃಶ್ಯರು ಬಳಸಬಹುದು ಅಂತ ಇತ್ತು. ಅಷ್ಟಕ್ಕೇ ನಿಲ್ಲಲಿಲ್ಲ. ಸಾರ್ವಜನಿಕ ಶಾಲೆ, ಕೋರ್ಟು, ಕಚೇರಿ ಅಂತ ಪಟ್ಟಿ ಮುಂದುವರಿಯಿತು. ಕೊನೆಯಲ್ಲಿ ಇನ್ನೊಂದು ಶಬ್ದ ಬಂತು: ದವಾಖಾನೆ.

ನಾವು ನೀರನ್ನು ನೆನಪಿಟ್ಟೆವು, ಶಾಲೆಯನ್ನು ನೆನಪಿಟ್ಟೆವು. ದವಾಖಾನೆಯನ್ನು ಮರೆತೆವು. ಈ ಪೋಸ್ಟು ಆ ಮರೆತ ಶಬ್ದದ ಬಗ್ಗೆ.

"ಮುಂಬೈ ಕೌನ್ಸಿಲ್ಲಿನ ಮಾತು ನಮಗ್ಯಾಕೆ" ಅಂತ ಕೇಳುವವರಿಗೆ ಒಂದು ಮಾತು. ನಮ್ಮ ಜಿಲ್ಲೆ ಟಿಪ್ಪು ಸತ್ತ 1799ರಿಂದ ಮದ್ರಾಸಿನ ಕೈಯಲ್ಲಿತ್ತು. 1862ರಲ್ಲಿ ಉತ್ತರ ಕೆನರಾವನ್ನು ಮುಂಬೈ ಪ್ರಾಂತಕ್ಕೆ ಸೇರಿಸಿದರು. 1956ರ ನವೆಂಬರ್ 1ರವರೆಗೆ ಕಾರವಾರ, ಅಂಕೋಲಾ ಎಲ್ಲ ಮುಂಬೈ ಆಡಳಿತದಲ್ಲೇ ಇದ್ದವು. ಹಾಗಾಗಿ ಬೋಲೆ ಠರಾವು ನಮ್ಮ ಅಜ್ಜ–ಅಜ್ಜಿಯಂದಿರ ಠರಾವೂ ಹೌದು. ಮಹಾಡಿನವರಿಗೆ ಎಷ್ಟು ಹಕ್ಕಿತ್ತೋ ಅಂಕೋಲಾದ ಆಗೇರ ಕೇರಿಯವರಿಗೂ ಅಷ್ಟೇ ಹಕ್ಕಿತ್ತು.

ಠರಾವು ಆಯಿತು, ಸರಿ. ಆಮೇಲೆ? ಸರಕಾರ ಇಲಾಖೆಗಳಿಗೆ ಆದೇಶ ಕಳಿಸಿತು, ಸ್ಥಳೀಯ ಸಂಸ್ಥೆಗಳಿಗೆ ತಿಳಿಸಿತು. ನಾನು ದಿನಾ ಟೇಬಲ್ ಮೇಲೆ ಸುತ್ತೋಲೆ ನೋಡುವ ಮನುಷ್ಯ. "ಮಾಹಿತಿಗಾಗಿ ಮತ್ತು ಮುಂದಿನ ಕ್ರಮಕ್ಕಾಗಿ" ಅಂತ ಬರೆದ ಕಾಗದಗಳಲ್ಲಿ ಎಷ್ಟಕ್ಕೆ ಮುಂದಿನ ಕ್ರಮ ಆಗುತ್ತದೆ, ಎಷ್ಟು ಕಡತಕ್ಕೆ ಹೋಗಿ ಮಲಗುತ್ತವೆ ಅಂತ ನನಗೆ ಗೊತ್ತು. ನೂರು ವರ್ಷದ ಹಿಂದೆಯೂ ಅದೇ ಕತೆ. ಮಹಾಡ್ ಮುನ್ಸಿಪಾಲ್ಟಿ 1924ರಲ್ಲಿ ಕೆರೆ ಎಲ್ಲರಿಗೂ ಮುಕ್ತ ಅಂತ ತಾನೇ ನಿರ್ಣಯ ಮಾಡಿತು, ಆದರೆ ಮೂರು ವರ್ಷ ಒಬ್ಬ ದಲಿತನೂ ಅಲ್ಲಿ ನೀರು ಮುಟ್ಟಲು ಆಗಲಿಲ್ಲ.

ಬೋಲೆಯವರಿಗೂ ಇದು ಅರ್ಥ ಆಯಿತು. 1926ರ ಆಗಸ್ಟ್ 5ರಂದು ಅವರು ಮತ್ತೊಂದು ಠರಾವು ತಂದರು. ಯಾವ ಮುನ್ಸಿಪಾಲ್ಟಿ, ಯಾವ ಲೋಕಲ್ ಬೋರ್ಡು 1923ರ ಠರಾವು ಜಾರಿ ಮಾಡುವುದಿಲ್ಲವೋ ಅದಕ್ಕೆ ಸರಕಾರದ ಅನುದಾನ ಕೊಡಬಾರದು ಅಂತ. ಇದನ್ನು ಸ್ವಲ್ಪ ನಿಂತು ಓದಿ. ಮೊದಲು "ಬಾಗಿಲು ತೆಗೆಯಿರಿ" ಅಂತ ಹೇಳಿದರು. ಮೂರು ವರ್ಷ ಆದ ಮೇಲೆ "ಬಾಗಿಲು ತೆಗೆಯದವರಿಗೆ ದುಡ್ಡು ಇಲ್ಲ" ಅಂದರು. ಈ ಎರಡನೇ ಮಾತಿಗೆ ಆಮೇಲೆ ಮತ್ತೆ ಬರುತ್ತೇನೆ.

ಪಟ್ಟಿಯಲ್ಲಿ ದವಾಖಾನೆಯನ್ನು ಬೇರೆಯಾಗಿ ಹೆಸರಿಸಬೇಕಾಯಿತು ಯಾಕೆ? ಯಾಕಂದ್ರೆ ವೈದ್ಯನ ಕೆಲಸ ಅಂದರೇನೇ ಮುಟ್ಟುವುದು. ನಾಡಿ ಹಿಡಿಯಬೇಕು, ಹೊಟ್ಟೆ ಒತ್ತಿ ನೋಡಬೇಕು, ಗಾಯ ತೊಳೆಯಬೇಕು, ಹೆರಿಗೆ ಮಾಡಿಸಬೇಕು. ಮುಟ್ಟದೇ ಪಾಠ ಹೇಳಬಹುದು, ದೂರದಲ್ಲಿ ಕೂರಿಸಿ ಅಕ್ಷರ ಕಲಿಸಬಹುದು. ಮುಟ್ಟದೇ ಔಷಧ ಮಾಡುವುದು ಹೇಗೆ?

ಹೇಗೆ ಅಂತ ಬಾಬಾಸಾಹೇಬರ ‘ವೇಯ್ಟಿಂಗ್ ಫಾರ್ ಎ ವೀಸಾ’ದಲ್ಲಿ ಇದೆ. ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಶಾಲಾ ಮಾಸ್ತರರು ಬರೆದ ಪತ್ರ, 1929ರ ಡಿಸೆಂಬರ್ 12ರ ‘ಯಂಗ್ ಇಂಡಿಯಾ’ದಲ್ಲಿ ಅಚ್ಚಾಗಿತ್ತು. ಬಾಣಂತಿ ಹೆಂಡತಿಗೆ ಕಾಯಿಲೆ. ಡಾಕ್ಟರು ಕೇರಿಯೊಳಗೆ ಬರಲು ಒಪ್ಪಲಿಲ್ಲ. ರೋಗಿಯನ್ನೇ ಕೇರಿಯ ಹೊರಗೆ ತರಿಸಿದರು. ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟರು, ಅವನು ಮಾಸ್ತರರಿಗೆ ಕೊಟ್ಟ, ಮಾಸ್ತರರು ಹೆಂಡತಿಗೆ ಇಟ್ಟರು. ವಾಪಸ್ಸೂ ಅದೇ ದಾರಿಯಲ್ಲಿ ಹೋಯಿತು. ದೀಪದ ಬೆಳಕಲ್ಲಿ ಅದನ್ನು ನೋಡಿ ಡಾಕ್ಟರು ನ್ಯುಮೋನಿಯಾ ಅಂದರು. ಫೀಸು ತೆಗೆದುಕೊಂಡರು. ಆಮೇಲೆ ಮತ್ತೆ ನೋಡಲು ಒಪ್ಪಲಿಲ್ಲ. ಆ ತಾಯಿ ತೀರಿಕೊಂಡರು. ಬೋಲೆ ಠರಾವು ಪಾಸಾಗಿ ಆಗ ಆರು ವರ್ಷ ಆಗಿತ್ತು.

ಇನ್ನು ಕಾನೂನಿನಲ್ಲಿ ಈ ಶಬ್ದ ಹೇಗೆ ನಡೆದು ಬಂತು ನೋಡಿ. ಸಂವಿಧಾನದ 15(2)ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಲ್ಲ ಹೆಸರು ಹಿಡಿದು ಬಂದಿವೆ. ಆಸ್ಪತ್ರೆ ಅಂತ ಬೇರೆ ಶಬ್ದ ಇಲ್ಲ, "ಸಾರ್ವಜನಿಕರು ಸೇರುವ ಸ್ಥಳ" ಅನ್ನುವುದರೊಳಗೆ ಸೇರಿಸಿ ಓದಬೇಕು. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. ಅದಕ್ಕೆ ಹಲ್ಲು ಕೊಡಲು ಬಂದ 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯಲ್ಲಿ, ಅಂದರೆ ಈಗ ನಾವು ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆ ಅನ್ನುವುದರಲ್ಲಿ, 5ನೇ ಸೆಕ್ಷನ್ ಇದೆ. ಅಲ್ಲಿ ಆಸ್ಪತ್ರೆಯೂ ಇದೆ, ದವಾಖಾನೆಯೂ ಇದೆ. ಸೇರಿಸಿಕೊಳ್ಳದೇ ಇರುವುದು ಮಾತ್ರ ಅಪರಾಧ ಅಲ್ಲ, ಸೇರಿಸಿಕೊಂಡ ಮೇಲೆ ಭೇದ ಮಾಡುವುದೂ ಅಪರಾಧ. ಈ ಎರಡನೇ ಭಾಗ ನಮ್ಮವರಲ್ಲಿ ಎಷ್ಟು ಜನರಿಗೆ ಗೊತ್ತು? ಆಮೇಲೆ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಬಂತು, 2016ರ ಜನವರಿ 26ರಿಂದ ಜಾರಿ ಆಯಿತು. ಆಸ್ಪತ್ರೆ, ದವಾಖಾನೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗದಂತೆ ತಡೆಯುವುದು ಅದರ 3ನೇ ಸೆಕ್ಷನ್‌ನಲ್ಲಿ ದೌರ್ಜನ್ಯ ಅಂತ ಬರೆದಿದೆ.

1923, 1955, 2015. ಒಂದೇ ಶಬ್ದವನ್ನು ಒಂದು ದೇಶ ಮೂರು ಸಲ ಬರೆಯಬೇಕಾಯಿತು ಅಂದರೆ ಮೊದಲೆರಡು ಸಲ ಬರೆದದ್ದು ಪೂರ್ತಿ ನಡೆಯಲಿಲ್ಲ ಅಂತ ಅರ್ಥ. ಇದು ಹಳೆ ಕಾಲದ ಮಾತು ಅನ್ನುವವರಿಗೆ: ಘನಶ್ಯಾಮ ಶಾ ಮತ್ತು ಜೊತೆಗಾರರು 11 ರಾಜ್ಯಗಳ 565 ಹಳ್ಳಿ ನೋಡಿ 2006ರಲ್ಲಿ ಪುಸ್ತಕ ತಂದರು. ಸುಮಾರು ಮೂರರಲ್ಲಿ ಒಂದು ಹಳ್ಳಿಯಲ್ಲಿ ಆರೋಗ್ಯ ಕಾರ್ಯಕರ್ತರು ದಲಿತರ ಮನೆಗೆ ಹೋಗುತ್ತಿರಲಿಲ್ಲ. ವಿಶ್ವಸಂಸ್ಥೆಯ ಮಹಿಳಾ ವಿಭಾಗ 2018ರಲ್ಲಿ ಕೊಟ್ಟ ಲೆಕ್ಕದಂತೆ ಭಾರತದಲ್ಲಿ ದಲಿತ ಹೆಣ್ಣುಮಗಳು ಮೇಲ್ಜಾತಿ ಹೆಣ್ಣುಮಗಳಿಗಿಂತ ಸರಾಸರಿ 14.6 ವರ್ಷ ಮೊದಲು ಸಾಯುತ್ತಾಳೆ. ಹದಿನಾಲ್ಕೂವರೆ ವರ್ಷ ಅಂದರೆ ಒಂದು ಮಗು ಹುಟ್ಟಿ ಒಂಬತ್ತನೇ ಕ್ಲಾಸಿಗೆ ಬರುವಷ್ಟು ಕಾಲ.

ಈಗ ನಮ್ಮ ಊರಿಗೆ ಬರೋಣ.

ಕಾರವಾರ ಅಂದರೆ ಎಲ್ಲರಿಗೂ ಟಾಗೋರ್ ನೆನಪಾಗುತ್ತಾರೆ. ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಡ್ಜ್ ಆಗಿದ್ದಾಗ, 22ರ ಆಸುಪಾಸಿನ ರವೀಂದ್ರನಾಥರು ಬಂದು ಉಳಿದು ನಾಟಕ ಬರೆದರು. ಬೀಚಿಗೆ ಅವರ ಹೆಸರಿಟ್ಟಿದ್ದೇವೆ. ಒಳ್ಳೇದು, ನನಗೇನೂ ತಕರಾರಿಲ್ಲ. ಆದರೆ ಅದೇ ಕಾಲದ ಇನ್ನೊಂದು ದಾಖಲೆ ಇದೆ. 1883ರಲ್ಲಿ ಬ್ರಿಟಿಷರು ಅಚ್ಚು ಹಾಕಿಸಿದ ಕೆನರಾ ಜಿಲ್ಲೆಯ ಗೆಜೆಟಿಯರ್, ಎರಡು ಭಾಗ. ಅದರಲ್ಲಿ ಒಂದೊಂದು ಜಾತಿಯನ್ನೂ ಲೆಕ್ಕ ಹಿಡಿದು, ಕಸುಬು ಯಾವುದು, ಊಟ ಏನು ಅಂತ ಬರೆದರು. ಆಗೇರರು ಉಪ್ಪು ಮಾಡುವವರು ಅಂತ ಅದರಲ್ಲೇ ಸಿಗುತ್ತದೆ. ಆಗೇರ, ಮುಕ್ರಿ, ಹಳ್ಳೇರ, ಮಹಾರ, ಚಮಗಾರ, ಭಂಗಿ. ಇವತ್ತು ಪರಿಶಿಷ್ಟ ಜಾತಿ ಪಟ್ಟಿಯಲ್ಲಿರುವ ನಮ್ಮ ಕರಾವಳಿಯ ಹೆಸರುಗಳು ಇವು. ಬೀಚಿನಲ್ಲಿ ಇವರ ಹೆಸರಿನ ಬೋರ್ಡು ಇಲ್ಲ.

1930ರ ಏಪ್ರಿಲ್ 13ರಂದು ಅಂಕೋಲಾದಲ್ಲಿ ಉಪ್ಪಿನ ಸತ್ಯಾಗ್ರಹ ಆಯಿತು. ಕರ್ನಾಟಕದ ಬಾರ್ಡೋಲಿ ಅಂತ ಹೆಮ್ಮೆಯಿಂದ ಹೇಳುತ್ತೇವೆ. ಆ ಒಂದು ದಿನದ ಉಪ್ಪು ಚರಿತ್ರೆ ಆಯಿತು. ತಲೆಮಾರುಗಟ್ಟಲೆ ಉಪ್ಪಿನ ಆಗರದಲ್ಲಿ ಬರಿಗಾಲಲ್ಲಿ ನಿಂತವರ ಕಾಲಿನ ಹುಣ್ಣು ಯಾರ ಚರಿತ್ರೆ? ಉಪ್ಪುನೀರಿನಲ್ಲಿ ದಿನವಿಡೀ ನಿಂತರೆ ಚರ್ಮ ಒಡೆಯುತ್ತದೆ, ಗಾಯ ಮಾಯುವುದಿಲ್ಲ, ಬಿಸಿಲಿನ ಹೊಳಪಿಗೆ ಕಣ್ಣು ಉರಿಯುತ್ತದೆ. ಕಸುಬಿನ ಕಾಯಿಲೆ ಅಂತ ಇದನ್ನೇ ಅನ್ನುವುದು. ನಮ್ಮಲ್ಲಿ ಕಸುಬು ಜಾತಿಯಿಂದ ಬಂತು, ಹಾಗಾಗಿ ಕಾಯಿಲೆಯೂ ಜಾತಿಯಿಂದಲೇ ಬಂತು.

ಪೇಟೆ ಬೆಳೆದ ಹಾಗೆ ಇನ್ನೊಂದು ಕಸುಬು ಬೆಳೆಯಿತು. ಜಿಲ್ಲಾ ಕೇಂದ್ರ ಅಂದ ಮೇಲೆ ಕಚೇರಿ, ಬಂಗಲೆ, ಬಂದರು. ಬಂಗಲೆ ಅಂದ ಮೇಲೆ ಕಕ್ಕಸು. ಅದನ್ನು ಎತ್ತುವವರು ಯಾರು ಅಂತ ಹೇಳಬೇಕಾಗಿಲ್ಲ. ಊರಿನ ಆರೋಗ್ಯ ಕಾಯ್ದವರು ಇವರೇ. ಕಾಲರಾ, ಭೇದಿ ಹರಡದಂತೆ ದಿನಾ ಬೆಳಿಗ್ಗೆ ನೋಡಿಕೊಂಡವರು ಡಾಕ್ಟರಿಗಿಂತ ಮೊದಲು ಜಾಡಮಾಲಿಗಳು. ಮುಂಬೈ ಸರಕಾರ 1949ರಲ್ಲಿ ಬರ್ವೆ ಸಮಿತಿ ಮಾಡಿತು, ಭಂಗಿಗಳ ಬದುಕಿನ ಸ್ಥಿತಿ ನೋಡಲಿಕ್ಕೆ. 1952ರಲ್ಲಿ ವರದಿ ಬಂತು. ತಲೆ ಮೇಲೆ ಮಲ ಹೊರುವುದು ನಿಲ್ಲಬೇಕು ಅಂತಿತ್ತು. ಆಗಲೂ ನಾವು ಮುಂಬೈ ರಾಜ್ಯವೇ. ಇಪ್ಪತ್ತು ವರ್ಷ ಕಳೆದು 1970ರ ದಶಕದ ಮೊದಲಲ್ಲಿ ಬಿ. ಬಸವಲಿಂಗಪ್ಪನವರು ಪೌರಾಡಳಿತ ಮಂತ್ರಿಯಾಗಿ ಮಲ ಹೊರುವ ಪದ್ಧತಿ ನಿಷೇಧಿಸಿದರು. ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ 500 ಜನಕ್ಕೆ ಒಬ್ಬ ಪೌರಕಾರ್ಮಿಕ ಬೇಕು ಅಂದಿತು. ಮುಂದೆ ಸರಕಾರ 700ಕ್ಕೆ ಒಬ್ಬರು ಅಂತ ಲೆಕ್ಕ ಬದಲಿಸಿತು. ಅಂದರೆ ಅದೇ ಬೆನ್ನಿನ ಮೇಲೆ ಇನ್ನೂ 200 ಜನರ ಕಸ.

2010ರ ಜುಲೈನಲ್ಲಿ ಪಕ್ಕದ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಮೈಗೆ ಮಲ ಸುರಿದುಕೊಂಡು ಪ್ರತಿಭಟಿಸಿದ್ದು ನೆನಪಿದೆಯಲ್ಲ? ಅದಾದ ಮೇಲೆ 2013ರ ಕಾಯ್ದೆ ಬಂತು. 2014ರಲ್ಲಿ ಸುಪ್ರೀಂ ಕೋರ್ಟು ಚರಂಡಿಗೆ ಇಳಿದು ಸತ್ತವರಿಗೆ 10 ಲಕ್ಷ ಅಂದಿತು, 2023ರಲ್ಲಿ 30 ಲಕ್ಷ ಅಂದಿತು. 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಕೆಲಸ ನಿಲ್ಲಿಸಿ ಬೀದಿಗೆ ಇಳಿದರು, ಆಮೇಲೆ ಸರಕಾರ 11,133 ಜನರನ್ನು ಕಾಯಂ ಮಾಡಲು ಒಪ್ಪಿತು. ಸತ್ತ ಮೇಲಿನ ಪರಿಹಾರದ ಮೊತ್ತ ಏರುತ್ತಾ ಹೋಗಿದೆ, ಸರಿ. ಬದುಕಿದ್ದಾಗಿನ ಶ್ವಾಸಕೋಶ, ಬೆನ್ನು, ಚರ್ಮದ ಲೆಕ್ಕ ಯಾರ ಹತ್ತಿರ ಇದೆ?

ಹಾಗಂತ ನಮ್ಮ ಜಿಲ್ಲೆಯ ಆರೋಗ್ಯದ ಚರಿತ್ರೆಯಲ್ಲಿ ಎಲ್ಲಾ ಕತ್ತಲೆ ಅಲ್ಲ. ಒಂದು ದೊಡ್ಡ ಗೆಲುವು ಇದೆ, ಅದನ್ನು ನಾವೇ ಮರೆತಿದ್ದೇವೆ. ಒಂದು ಕಾಲದಲ್ಲಿ ಉತ್ತರ ಕನ್ನಡ ಅಂದರೆ ಚಳಿಜ್ವರ. ಘಟ್ಟದ ಮೇಲಿನ ಸೂಪಾ, ಯಲ್ಲಾಪುರಕ್ಕೆ ವರ್ಗ ಆದರೆ ಸರಕಾರಿ ನೌಕರರು ಶಿಕ್ಷೆ ಅಂದುಕೊಳ್ಳುತ್ತಿದ್ದರು. ಮಲೇರಿಯಾದಿಂದ ಊರುಗಳೇ ಖಾಲಿಯಾಗಿದ್ದವು. 1945–46ರಲ್ಲಿ ಡಾ. ಡಿ.ಕೆ. ವಿಶ್ವನಾಥನ್ ಅನ್ನುವ ಅಧಿಕಾರಿ ಕೆನರಾ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಮನೆಮನೆಯ ಗೋಡೆಗೆ ಡಿಡಿಟಿ ಹೊಡೆಸುವ ಪ್ರಯೋಗ ಮಾಡಿದರು. ಜ್ವರ ಇಳಿಯಿತು. ಆ ಅನುಭವ 1953ರಲ್ಲಿ ಶುರುವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ದಾರಿ ಮಾಡಿತು. ಇಡೀ ದೇಶಕ್ಕೆ ಪಾಠ ಹೋದದ್ದು ನಮ್ಮ ಜಿಲ್ಲೆಯಿಂದ.

ಅದು ಯಾಕೆ ಗೆದ್ದಿತು ಅಂತ ಯೋಚಿಸಿ. ಸೊಳ್ಳೆಗೆ ಜಾತಿ ಇಲ್ಲ. ಕೇರಿಯ ಹತ್ತು ಗುಡಿಸಲು ಬಿಟ್ಟು ಉಳಿದ ಊರಿಗೆಲ್ಲ ಮದ್ದು ಹೊಡೆದರೆ, ಕೇರಿಯ ಸೊಳ್ಳೆ ಹೆಗಡೆಯವರ ಮನೆಗೂ ಬರುತ್ತದೆ. ಯಾವ ಮನೆಯನ್ನೂ ಬಿಡುವ ಹಾಗಿಲ್ಲ ಅನ್ನುವುದೇ ಆ ಯೋಜನೆಯ ಬುನಾದಿ. ಆಮೇಲೆ ಗಮನ ಸಡಿಲವಾಯಿತು, 1976ರಲ್ಲಿ ದೇಶದಲ್ಲಿ ಮಲೇರಿಯಾ ಮತ್ತೆ 60 ಲಕ್ಷ ದಾಟಿತು, ಅದು ಬೇರೆ ಮಾತು. ನಾನು ಹೇಳುವುದು ಇಷ್ಟೇ: ಅಂಟುರೋಗ ಆದರೆ ಮೇಲಿನವರು ಕೇರಿಗೆ ಬರುತ್ತಾರೆ, ಯಾಕಂದ್ರೆ ಅದು ತಮಗೂ ಅಂಟುತ್ತದೆ. ಬಿಪಿ, ಶುಗರು, ರಕ್ತಹೀನತೆ, ಕಿಡ್ನಿ, ಬೆನ್ನುನೋವು ಅಂಟುವುದಿಲ್ಲ. ಹಾಗಾಗಿ ನಮ್ಮ ಶುಗರು ನಮ್ಮದೇ.

1956ರ ನಂತರ ನಮ್ಮ ನೆಲಕ್ಕೆ ದೊಡ್ಡ ದೊಡ್ಡ ಯೋಜನೆ ಬಂದವು. ಕಾಳಿ ನದಿಗೆ ಕದ್ರಾ, ಕೊಡಸಳ್ಳಿ ಅಣೆಕಟ್ಟು. ಕೈಗಾ ಅಣುಸ್ಥಾವರ, 2000ದಿಂದ ವಿದ್ಯುತ್ ಉತ್ಪಾದನೆ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು, 2005ರ ಮೇ 31ರಂದು ಐಎನ್‌ಎಸ್ ಕದಂಬ ಉದ್ಘಾಟನೆ. ಅರ್ಗಾ, ಬಿಣಗಾ, ಚೆಂಡಿಯಾ ಕಡೆಯ ಸಾವಿರಾರು ಕುಟುಂಬ ಎದ್ದು ಹೋದವು. ಪರಿಹಾರದ ಆಫೀಸಿನಲ್ಲಿ ಮೊದಲು ಕೇಳುವುದು ಪಹಣಿ. ಪಹಣಿಯೇ ಇಲ್ಲದೆ ಬೇರೆಯವರ ಗದ್ದೆಯಲ್ಲಿ ಕೂಲಿ ಮಾಡಿದವರು ಏನು ತೋರಿಸಬೇಕು?

ಈ ಯೋಜನೆಗಳ ಜೊತೆ ಆಸ್ಪತ್ರೆಯೂ ಬಂತು. ನೌಕಾಪಡೆಗೆ ಪತಂಜಲಿ ಆಸ್ಪತ್ರೆ, ಮಲ್ಲಾಪುರದ ಕೈಗಾ ಟೌನ್‌ಶಿಪ್‌ಗೆ ಅವರದೇ ಆಸ್ಪತ್ರೆ. ಮೊದಲು ತಮ್ಮ ನೌಕರರಿಗಾಗಿ ಕಟ್ಟಿದ ಆಸ್ಪತ್ರೆಗಳು ಅವು, ಅದು ಸಹಜ. ಆದರೆ 2020ರಲ್ಲಿ ಕೋವಿಡ್ ಬಂದಾಗ ಭಟ್ಕಳದ ರೋಗಿಗಳನ್ನು ಪತಂಜಲಿಯಲ್ಲೇ ಇಟ್ಟು ಗುಣ ಮಾಡಿದರು. ಮನಸ್ಸು ಮಾಡಿದರೆ ಗೇಟು ತೆರೆಯುತ್ತದೆ ಅಂತ ಅವತ್ತು ಜಿಲ್ಲೆಯೇ ನೋಡಿತು.

ಉಳಿದವರಿಗೆ? ಉಳಿದವರಿಗೆ ಹೆದ್ದಾರಿ. ಕಾರವಾರದಿಂದ ಮಣಿಪಾಲ ಸುಮಾರು 180 ಕಿ.ಮೀ., ಹುಬ್ಬಳ್ಳಿ ಸುಮಾರು 165, ಪಣಜಿ ಪಕ್ಕದ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿಗೆ ನೂರರ ಒಳಗೆ. ನಮ್ಮ ಬಡವರಿಗೆ ಬಾಂಬೋಳಿಯೇ ದೊಡ್ಡಾಸ್ಪತ್ರೆ ಆಗಿತ್ತು. 2018ರ ಜನವರಿ 1ರಿಂದ ಗೋವಾ ಸರಕಾರ ಹೊರರಾಜ್ಯದವರಿಗೆ ಶುಲ್ಕ ಹಾಕಿತು. ಅವರ ರಾಜ್ಯದ ದುಡ್ಡು, ಅವರ ಲೆಕ್ಕ, ನಾನು ಬೈಯುವುದಿಲ್ಲ. ಆದರೆ ನಮ್ಮ ರಾಜ್ಯ ಅಷ್ಟು ವರ್ಷ ಪಕ್ಕದವರ ಆಸ್ಪತ್ರೆಯ ಭರವಸೆಯಲ್ಲಿ ನಮ್ಮನ್ನು ಬಿಟ್ಟಿತ್ತಲ್ಲ, ಅದಕ್ಕೆ ಏನು ಹೇಳುವುದು?

2008ರ ನವೆಂಬರ್ 1ರಂದು 108 ಬಂತು, ಜೀವ ಉಳಿಸಿತು. 2016ರಲ್ಲಿ ಕಾರವಾರಕ್ಕೆ ಸರಕಾರಿ ಮೆಡಿಕಲ್ ಕಾಲೇಜು ಬಂತು, ನಾವೀಗ ಕ್ರಿಮ್ಸ್ ಅನ್ನುವುದು. ಹಳೆಯ ಜಿಲ್ಲಾಸ್ಪತ್ರೆ ಅದಕ್ಕೆ ಸೇರಿತು. ಇಷ್ಟಾದರೂ ತಲೆಗೆ ಪೆಟ್ಟು, ಹೃದಯಾಘಾತ ಅಂದ ಕೂಡಲೇ "ಮಣಿಪಾಲಕ್ಕೆ ಒಯ್ಯಿರಿ" ಅನ್ನುವ ಮಾತು ನಿಲ್ಲಲಿಲ್ಲ. 2019ರಲ್ಲಿ ಯುವಕರು ಟ್ವಿಟ್ಟರಿನಲ್ಲಿ ಜಿಲ್ಲೆಗೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು ಅಂತ ಅಭಿಯಾನ ಮಾಡಿದರು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ತೀರಿಕೊಂಡರು. ಆ ವಿಡಿಯೋ ನೋಡದವರಿಲ್ಲ. ಅಭಿಯಾನ ಮತ್ತೆ ಎದ್ದಿತು. ಎರಡು ವರ್ಷಕ್ಕೆ, 2024ರ ಜುಲೈ 16ರಂದು ನಮ್ಮ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು 11 ಜನ ಹೋದರು. ಹೆದ್ದಾರಿ ದಿನಗಟ್ಟಲೆ ಬಂದಾಯಿತು. ಆಗಸ್ಟ್ 7ಕ್ಕೆ ಕಾಳಿ ನದಿಯ ಹಳೆ ಸೇತುವೆ ಬಿದ್ದಿತು. ಒಂದು ಕಡೆ ಮಣಿಪಾಲದ ದಾರಿ, ಇನ್ನೊಂದು ಕಡೆ ಗೋವಾದ ದಾರಿ. ರಸ್ತೆಯನ್ನೇ ಆಸ್ಪತ್ರೆ ಅಂತ ನಂಬಿದ ಜಿಲ್ಲೆಯ ಸ್ಥಿತಿ ಇದು.

ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು. ಆ ಹೋರಾಟದಲ್ಲಿ ನಾನೂ ಇದ್ದೇನೆ, ನೀವೂ ಇರಿ. ಆದರೆ ಒಂದು ಪ್ರಶ್ನೆ ನಮ್ಮ ಕೇರಿಯಿಂದಲೇ ಹೋಗಬೇಕು. ಆಸ್ಪತ್ರೆ ಹತ್ತಿರ ಬಂದರೆ ಸಾಕೇ? ನಮ್ಮ ಸಂಬಂಧಿಕರೊಬ್ಬರನ್ನು ಒಂದು ದೊಡ್ಡ ಆಸ್ಪತ್ರೆಗೆ ಒಯ್ದಿದ್ದೆವು, ಯಾವುದು ಅಂತ ಬೇಡ. ಕಾರ್ಡು ಇತ್ತು, ಆಪರೇಶನ್ ಫ್ರೀ ಆಯಿತು. ಆದರೆ ಹನ್ನೊಂದು ದಿನ ಇಬ್ಬರು ಜೊತೆಗೆ ನಿಲ್ಲಬೇಕಾಯಿತು. ಇಬ್ಬರ ಕೂಲಿ ಹೋಯಿತು. ಊಟ, ಬಸ್ಸು, ಹೊರಗಿನ ಒಂದೆರಡು ಔಷಧ ಅಂತ ಅತ್ತಿಗೆಯ ಕಿವಿಯೋಲೆ ಸೊಸೈಟಿಗೆ ಹೋಯಿತು. ಫ್ರೀ ಚಿಕಿತ್ಸೆಗೆ ಕಿವಿಯೋಲೆ ಅಡವು! ಸಂಬಳದ ರಜೆ ಇರುವವರ ಮನೆಯಲ್ಲಿ ಇದು ಆಗುವುದಿಲ್ಲ. ಕೂಲಿಯವರು ಅದಕ್ಕೇ ಕೊನೆಯ ಗಳಿಗೆಯವರೆಗೆ ಆಸ್ಪತ್ರೆಗೆ ಹೋಗುವುದಿಲ್ಲ, ಆಮೇಲೆ "ನಿಮ್ಮವರು ಲೇಟಾಗಿ ಬರ್ತಾರೆ" ಅಂತ ನಮ್ಮನ್ನೇ ಬೈಯುತ್ತಾರೆ.

ದೂರ ಅಂದರೆ ಕಿಲೋಮೀಟರು ಮಾತ್ರ ಅಲ್ಲ ಅಂತ ತೋರಿಸಲು ಒಂದು ಪರದೇಶದ ಉದಾಹರಣೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಬಡವರ ಕಾಲ್ಟನ್ ಪ್ರದೇಶದಲ್ಲಿ ಗಂಡಸರ ಸರಾಸರಿ ಆಯುಷ್ಯ 54 ವರ್ಷ, ಕೆಲವೇ ಮೈಲಿ ದೂರದ ಅನುಕೂಲಸ್ಥರ ಲೆಂಜಿಯಲ್ಲಿ 82 ಅಂತ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2008ರಲ್ಲಿ ಹೇಳಿತು. ಎರಡೂ ಕಡೆ ಸರಕಾರಿ ಚಿಕಿತ್ಸೆ ಉಚಿತವೇ. ಆದರೂ 28 ವರ್ಷದ ಅಂತರ! ಮನೆ, ಕೆಲಸ, ಊಟ, ಕುಡಿತ, ಮರ್ಯಾದೆ ಎಲ್ಲ ಸೇರಿ ಆಯುಷ್ಯ ಆಗುತ್ತದೆ.

ಕುಡಿತ ಅಂದ ಕೂಡಲೇ ಅಂಕೋಲಾ ಬಡಿಗೇರಿಯ ಸುಕ್ರಿ ಅಜ್ಜಿ ನೆನಪಾಗುತ್ತಾರೆ. ಸುಕ್ರಿ ಬೊಮ್ಮಗೌಡ. 2017ರಲ್ಲಿ ಪದ್ಮಶ್ರೀ ಬಂದದ್ದು ಹಾಡಿಗೆ. ಆದರೆ ಆ ಹಾಲಕ್ಕಿ ಅಜ್ಜಿ ಸಾರಾಯಿ ವಿರುದ್ಧ ಬೀದಿಗಿಳಿದವರು, ಮಗನನ್ನು ಕುಡಿತಕ್ಕೆ ಕಳೆದುಕೊಂಡ ನೋವಿನಿಂದ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದಾಯಿತು, ಕುಡಿತ ಬಂದಾಗಲಿಲ್ಲ. ಅಜ್ಜಿ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಆಸ್ಪತ್ರೆಯ ಗೋಡೆಯ ಹೊರಗೆ ಆರೋಗ್ಯದ ಕೆಲಸ ಮಾಡಿದವರು ಅವರು. ಹಾಲಕ್ಕಿಗಳ ಎಸ್‌ಟಿ ಬೇಡಿಕೆ ಇನ್ನೂ ದಿಲ್ಲಿಯ ದಾರಿ ಕಾಯುತ್ತಿದೆ.

ಈಗ ಬೋಲೆಯವರ ಎರಡನೇ ಠರಾವಿಗೆ ವಾಪಸ್ ಬರುತ್ತೇನೆ. "ಭೇದ ಮಾಡುವವರಿಗೆ ಅನುದಾನ ಇಲ್ಲ." ಇದನ್ನು ನಿಜವಾಗಿ ಮಾಡಿ ತೋರಿಸಿದ ದೇಶ ಇದೆ. ಅಮೆರಿಕದ ದಕ್ಷಿಣದಲ್ಲಿ ಕರಿಯರಿಗೆ ಬೇರೆ ವಾರ್ಡು, ಬೇರೆ ಬಾಗಿಲು ಇತ್ತು. 1964ರಲ್ಲಿ ನಾಗರಿಕ ಹಕ್ಕು ಕಾಯ್ದೆ ಬಂತು. 1966ರ ಜುಲೈನಲ್ಲಿ ವೃದ್ಧರ ಚಿಕಿತ್ಸೆಗೆ ಮೆಡಿಕೇರ್ ಶುರುವಾಯಿತು. ಆಗ ಸರಕಾರ ಹೇಳಿತು: ವಾರ್ಡು ಒಂದು ಮಾಡದ ಆಸ್ಪತ್ರೆಗೆ ಮೆಡಿಕೇರ್ ದುಡ್ಡಿಲ್ಲ. ಇನ್‌ಸ್ಪೆಕ್ಟರುಗಳನ್ನು ಕಳಿಸಿ ನೋಡಿಸಿತು. ಕೆಲವೇ ತಿಂಗಳಲ್ಲಿ ಸಾವಿರಕ್ಕೂ ಹೆಚ್ಚು ಆಸ್ಪತ್ರೆಗಳು ಗೋಡೆ ಕಿತ್ತವು. ಮಿಸಿಸಿಪ್ಪಿಯಂಥ ರಾಜ್ಯದಲ್ಲಿ ಕರಿಯ ಶಿಶುಗಳು ನ್ಯುಮೋನಿಯಾ, ಭೇದಿಯಿಂದ ಸಾಯುವುದು ಆಮೇಲೆ ಇಳಿದದ್ದನ್ನು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದ್ದಾರೆ. ಆ ಕಾಠಿಯಾವಾಡದ ತಾಯಿಯನ್ನು ಕೊಂದದ್ದೂ ನ್ಯುಮೋನಿಯಾವೇ. ನಲವತ್ತು ವರ್ಷ ಮೊದಲೇ ಇಂಥ ಉಪಾಯ ಹೇಳಿದ್ದವರು ಮುಂಬೈ ಕೌನ್ಸಿಲ್ಲಿನ ಒಬ್ಬ ಭಂಡಾರಿ ಸದಸ್ಯರು, ನಾವು ಮಾಡಲಿಲ್ಲ.

ಮಾಡಲು ನಮ್ಮ ಕೈಯಲ್ಲಿ ಈಗ ಏನಿದೆ? ಕಚೇರಿ ಅನುಭವದಿಂದ ನಾಲ್ಕು ಮಾತು.

ಒಂದು. ಕಾರವಾರ ನಗರಸಭೆ, ಅಂಕೋಲಾ ಪುರಸಭೆ ತಮ್ಮ ಅನುದಾನದಲ್ಲಿ ಶೇ. 24.10 ಪರಿಶಿಷ್ಟ ಜಾತಿ, ಪಂಗಡಕ್ಕೆ ಇಡಬೇಕು. ಎಷ್ಟು ಇಟ್ಟರು, ಚಿಕಿತ್ಸೆಯ ಸಹಾಯಕ್ಕೆ ಎಷ್ಟು ಹೋಯಿತು, ಎಷ್ಟು ಗಟಾರ–ಕಾಂಕ್ರೀಟಿಗೆ ಹೋಯಿತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಫೀಸು, 30 ದಿನದಲ್ಲಿ ಉತ್ತರ ಕೊಡಬೇಕು.

ಎರಡು. ಪೌರಕಾರ್ಮಿಕರ ಆರೋಗ್ಯ ತಪಾಸಣೆ ಎಷ್ಟು ಸಲ ಆಯಿತು, ಕಾಯಿಲೆ ಸಿಕ್ಕವರಿಗೆ ಆಮೇಲೆ ಯಾರು ಔಷಧ ಕೊಟ್ಟರು ಅಂತ ಕೇಳಿ. ಹೆಸರು ಬೇಡ, ಸಂಖ್ಯೆ ಸಾಕು. ಶಿಬಿರ ಮಾಡಿ ಫೋಟೋ ತೆಗೆದರೆ ತಪಾಸಣೆ ಮುಗಿಯಲಿಲ್ಲ.

ಮೂರು. ಸರಕಾರಿ ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ. ನಿಮ್ಮ ತಾಲೂಕಿನ ಸಮಿತಿಯಲ್ಲಿ ಕೇರಿಯವರು ಯಾರಿದ್ದಾರೆ, ಇದ್ದರೆ ಮೀಟಿಂಗಿಗೆ ಕರೆಯುತ್ತಾರಾ, ರಿಜಿಸ್ಟರಿಗೆ ಸಹಿ ಮಾತ್ರ ಹಾಕಿಸುತ್ತಾರಾ ನೋಡಿ.

ನಾಲ್ಕು. ಹೊಸ ಆಸ್ಪತ್ರೆಯ ಬೇಡಿಕೆ ಪತ್ರದಲ್ಲಿ ನಮ್ಮದೂ ಎರಡು ಸಾಲು ಸೇರಲಿ. ರೋಗಿಯ ಜೊತೆ ನಿಲ್ಲುವ ಕೂಲಿಯವರಿಗೆ ಊಟ, ವಸತಿ, ದಿನಗೂಲಿಯ ಪರಿಹಾರ. ಮತ್ತೆ, ಸರಕಾರದ ಯೋಜನೆಯ ದುಡ್ಡು ತೆಗೆದುಕೊಳ್ಳುವ ಯಾವುದೇ ಆಸ್ಪತ್ರೆ, ಖಾಸಗಿ ಆದರೂ ಸರಿ, ಜಾತಿ ಭೇದದ ದೂರು ಸಾಬೀತಾದರೆ ಯೋಜನೆಯಿಂದ ಹೊರಗೆ. 1926ರಲ್ಲಿ ಬೋಲೆಯವರು ಹೇಳಿದ ಮಾತನ್ನೇ ನೂರು ವರ್ಷದ ಮೇಲೆ ಕೇಳುತ್ತಿದ್ದೇವೆ, ಜಾಸ್ತಿ ಏನೂ ಅಲ್ಲ.

ಯಾರಾದರೂ ನಿಮ್ಮನ್ನು ಆಸ್ಪತ್ರೆಯಲ್ಲಿ ಕೇರಿಯ ಹೆಸರು ಹಿಡಿದು ಬದಿಗೆ ಕೂರಿಸಿದರೆ ಸುಮ್ಮನೆ ಎದ್ದು ಬರಬೇಡಿ. ದಿನಾಂಕ, ಹೊತ್ತು, ಆಡಿದ ಮಾತು ಬರೆದಿಡಿ. 5ನೇ ಸೆಕ್ಷನ್‌ನ ಎರಡನೇ ಭಾಗ ಇರುವುದು ಅದಕ್ಕೇ. ಬರವಣಿಗೆಯಲ್ಲಿ ಕೊಟ್ಟ ದೂರಿಗೆ ಸ್ವೀಕೃತಿ ತೆಗೆದುಕೊಳ್ಳಿ. ಬಾಯಿಮಾತಿನ ದೂರು ಕಡತಕ್ಕೆ ಬರುವುದಿಲ್ಲ, ಕಡತಕ್ಕೆ ಬಾರದ್ದು ಸರಕಾರದ ಲೆಕ್ಕದಲ್ಲಿ ನಡೆದೇ ಇಲ್ಲ.

ಕೊನೆಗೆ ಒಂದು ಕೆಲಸ ಹೇಳುತ್ತೇನೆ. ನಿಮ್ಮ ಮನೆಯ ಹಿರಿಯರ ಹತ್ತಿರ ಕೂತು ಕೇಳಿ: ಆಯಿ, ನಿಮ್ಮ ಕಾಲದಲ್ಲಿ ಹೆರಿಗೆ ಯಾರು ಮಾಡಿಸುತ್ತಿದ್ದರು? ದವಾಖಾನೆಯಲ್ಲಿ ನಿಮ್ಮನ್ನು ಎಲ್ಲಿ ನಿಲ್ಲಿಸುತ್ತಿದ್ದರು? ಔಷಧದ ಬಾಟ್ಲಿ ಕೈಗೆ ಕೊಡುತ್ತಿದ್ದರಾ, ನೆಲದ ಮೇಲೆ ಇಡುತ್ತಿದ್ದರಾ? ಅವರು ಹೇಳಿದ್ದನ್ನು ಕೆಳಗೆ ಕಮೆಂಟಿನಲ್ಲಿ ಬರೆಯಿರಿ, ಊರಿನ ಹೆಸರು ಹಾಕಿ, ಆಸ್ಪತ್ರೆ ಮತ್ತು ವ್ಯಕ್ತಿಗಳ ಹೆಸರು ಬೇಡ. 1883ರಲ್ಲಿ ನಮ್ಮ ಬಗ್ಗೆ ಬೇರೆಯವರು ಬರೆದರು. ಈ ಸಲ ನಾವೇ ಬರೆಯೋಣ.

ಜೈ ಭೀಮ್. ಶೇರ್ ಮಾಡುವವರು ಕೇಳಬೇಕಾಗಿಲ್ಲ, ಮಾಡಿ.